ಹತ್ತನೆಯ ಬಿಕ್ಕಳಿಕೆ

ಬೊಮ್ಮನಹಳ್ಳಿಯಲ್ಲಿ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮುದ್ದೆ ಊಟದ ಹೋಟೆಲಿದೆ. ಹೋದ ವಾರ ಮಧ್ಯಾಹ್ನ ಅದರ ಮುಂದೆ ಹಾದುಹೋಗುವಾಗ, ಆಗತಾನೇ ತಿರುವಿ ಕಟ್ಟಿದ ರಾಗಿಮುದ್ದೆಯ ವಾಸನೆ ಬಂತು. ಬಿಸಿ ಹಿಟ್ಟಿನ ವಾಸನೆ, ಅದರ ಹಿಂದೆಯೇ ಬಸ್ಸಾರಿನ ಬೆಳ್ಳುಳ್ಳಿ. ಅಂಥ ಹಸಿವೇನೂ ಇರಲಿಲ್ಲ, ಆದರೂ ಒಳಗೆ ಹೋಗಿ ಕೂತೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಎರಡನೆಯ ತುತ್ತಿಗೇ ಬಿಕ್ಕಳಿಸತೊಡಗಿದರು. ಬಡಿಸುವವನು ನೀರಿನ ಲೋಟ ಅವರ ಮುಂದೆ ತಳ್ಳಿ, "ಯಾರೋ ನೆನೆಸ್ಕೊಂಡ್ರು ಅಣ್ಣ, ನೀರು ಕುಡೀರಿ" ಅಂದ.

ನನ್ನ ಕೈ ಎಲೆಯ ಮೇಲೆಯೇ ನಿಂತಿತು. ನಮ್ಮ ಡಾಕ್ಟರಿಗೂ ಹೀಗೇ ಬಿಕ್ಕಳಿಕೆ ಬರುತ್ತಿತ್ತು...

ಅವರ ವಿಷಯ ನಾನು ಈವರೆಗೆ ಎಲ್ಲೂ ಬರೆದಿಲ್ಲ. ಅವರು ತೀರಿಕೊಂಡರೆಂದು ಕೇಳಿದಾಗಿನಿಂದ, ಬರೆಯಲು ಕೂತಾಗಲೆಲ್ಲ ಮೊದಲು ನಗು ಬರುತ್ತದೆ, ಆಮೇಲೆ ಪೆನ್ನು ಮುಚ್ಚಿಡುತ್ತೇನೆ. ಆದ್ದರಿಂದ ನಿಧಾನವಾಗಿ, ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ.

ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಆಗಷ್ಟೇ ತೆರೆದಿದ್ದ ಕಾಲ ಅದು. ಒಂದು ಕಡೆ ಪಂಪು ತಯಾರಿಸುವ ಕಾರ್ಖಾನೆ, ಇನ್ನೊಂದು ಕಡೆ ಸಾಫ್ಟ್‌ವೇರ್ ಕಂಪನಿಯ ಬಸ್ಸು ನಿಲ್ಲುವ ಬಯಲು, ನಡುವೆ ನಮ್ಮ ಸಣ್ಣ ವೈದ್ಯಕೀಯ ಸಂಶೋಧನಾ ಸಂಸ್ಥೆ. ನಾನು ಅಲ್ಲಿ ಗ್ರಂಥಾಲಯ ಸಹಾಯಕಿಯಾಗಿದ್ದೆ. ಪುಸ್ತಕ ಕೇಳಿಕೊಂಡು ಬರುವವರು ಕಡಿಮೆ. ನಮ್ಮ ವಿಜ್ಞಾನಿಗಳು ಏನೇನು ಪ್ರಕಟಿಸಿದ್ದಾರೆ, ಅವರ ಪ್ರಬಂಧಗಳನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ ನಿರ್ದೇಶಕರಿಗೆ ಹೇಳುವುದೇ ನನ್ನ ಮುಖ್ಯ ಕೆಲಸವಾಗಿತ್ತು.

ಡಾಕ್ಟರು ಧಾರವಾಡದ ಕಡೆಯವರು. ರಕ್ತದ ಸಕ್ಕರೆಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಎತ್ತರದ ಆಳು, ಕೋಟಿನ ಜೇಬಿನಲ್ಲಿ ಸದಾ ಹುರಿಗಡಲೆ. ಮಾತಿನ ನಡುವೆ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುವರು, ಬಿಕ್ಕಳಿಕೆ ಶುರುವಾಗುವುದು. ಹೊಟ್ಟೆಯ ಹುಳಿಯಿಂದ ಬರುವ ಬಿಕ್ಕಳಿಕೆ ಅದು ಎಂದು ಅವರೇ ಎಲ್ಲರಿಗೂ ವಿವರಿಸುತ್ತಿದ್ದರು. ಯಾರೂ ಒಪ್ಪುತ್ತಿರಲಿಲ್ಲ.

ಆ ವರ್ಷ ನಿರ್ದೇಶಕರು ಹೊಸ ನಿಯಮ ತಂದರು. ಸೂಚ್ಯಂಕ ಹತ್ತು ಇರುವವರ ಪ್ರಯೋಗಾಲಯ ಮುಂದುವರಿಯುತ್ತದೆ, ಇಲ್ಲದವರದು ಮುಚ್ಚುತ್ತದೆ. ಸೂಚ್ಯಂಕ ಹತ್ತು ಅಂದರೆ, ಒಬ್ಬರು ಬರೆದ ಪ್ರಬಂಧಗಳಲ್ಲಿ ಹತ್ತಾದರೂ ಇರಬೇಕು, ಆ ಒಂದೊಂದನ್ನೂ ಕನಿಷ್ಠ ಹತ್ತು ಬೇರೆ ಪ್ರಬಂಧಗಳು ಉಲ್ಲೇಖಿಸಿರಬೇಕು. ಡಾಕ್ಟರ ಒಂಬತ್ತು ಪ್ರಬಂಧಗಳು ಆ ಗೆರೆ ದಾಟಿದ್ದವು. ಹತ್ತನೆಯದು ರಾಗಿಮುದ್ದೆಯ ಮೇಲಿನ ಪ್ರಬಂಧ. ಅದಕ್ಕೆ ಸಿಕ್ಕಿದ್ದು ಒಂಬತ್ತು ಉಲ್ಲೇಖ. ಇನ್ನೊಂದು ಸಿಕ್ಕರೆ ಅವರ ಪ್ರಯೋಗಾಲಯ ಉಳಿಯುತ್ತಿತ್ತು.

ಪ್ರಯೋಗಾಲಯ ಅವರಿಗೆ ಬೇಕಾಗಿದ್ದದ್ದು ಒಂದೇ ಕಾರಣಕ್ಕೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರಿಗೆ ಮೂವತ್ತಕ್ಕೇ ಸಕ್ಕರೆ ಕಾಯಿಲೆ ಏಕೆ ಬರುತ್ತಿದೆ ಎಂದು ನೋಡಬೇಕಾಗಿತ್ತು. ಕಾರ್ಖಾನೆಯವರ ಒಪ್ಪಿಗೆ ಪಡೆದಿದ್ದರು, ಹೆಂಗಸರ ಜೊತೆ ಮಾತಾಡಿ ಬಂದಿದ್ದರು. ಇನ್ನು ರಕ್ತ ತೆಗೆಯುವುದೊಂದು ಬಾಕಿ.

ನಾವೆಲ್ಲ ಕಾಯತೊಡಗಿದೆವು. ಡಾಕ್ಟರು ಬಿಕ್ಕಳಿಸಿದ ಸದ್ದು ಕೇಳಿದರೆ ಸಾಕು, ಪ್ರಯೋಗಾಲಯದ ಅಟೆಂಡರ್ ಅಕ್ಕ ಮೆಟ್ಟಿಲಿಳಿದು ಓಡಿಬರುತ್ತಿದ್ದಳು. "ಮೇಡಂ, ಸಾರ್‌ಗೆ ಬಂತು! ಯಾರೋ ನೆನೆಸ್ಕೊಂಡವ್ರೆ, ಬೇಗ ನೋಡಿ!" ನಾನು ನೋಡುತ್ತಿದ್ದೆ. ಒಂಬತ್ತೇ ಇರುತ್ತಿತ್ತು. "ಹೆಂಡ್ತಿ ನೆನೆಸ್ಕೊಂಡಿರ್ಬೇಕು ಬಿಡಿ" ಎಂದು ಬೇಜಾರಿನಿಂದ ವಾಪಸು ಹೋಗುತ್ತಿದ್ದಳು.

ಒಂದು ದಿನ ನಿರ್ದೇಶಕರೇ ಗ್ರಂಥಾಲಯಕ್ಕೆ ಬಂದರು. ಡಾಕ್ಟರು ಅಲ್ಲೇ ಕೂತಿದ್ದರು. "ಸಾರ್, ಇದು ಮದುವೆ ಮುಯ್ಯಿ ಇದ್ದಂಗೆ. ನಿಮ್ಮ ಹಳೇ ಸ್ಟೂಡೆಂಟ್ಸ್ ಎಷ್ಟು ಜನ ಇದ್ದಾರೆ! ಒಬ್ಬರಿಗೆ ಫೋನ್ ಮಾಡಿ, ಒಂದು ಹಾಕ್ತಾರೆ. ನಾಳೆ ನೀವು ಅವರದ್ದು ಹಾಕಿದ್ರಾಯ್ತು" ಅಂದರು.

ಡಾಕ್ಟರು ಹುರಿಗಡಲೆ ಅಗಿಯುವುದನ್ನು ನಿಲ್ಲಿಸಿದರು. "ಅಲ್ರೀ, ನನ್ನ ನೆನಸ್ರಿ ಅಂತ ನಾನ ಫೋನ್ ಮಾಡೂದೇನ್ರಿ? ಅದು ನೆನಪಲ್ರಿ, ಅಲಾರಂ."

ಆಮೇಲೆ ಒಂದು ಶುಕ್ರವಾರ ಹತ್ತನೆಯ ಉಲ್ಲೇಖ ಬಂತು. ಯಾರ ಪ್ರಯೋಗಾಲಯ ಉಳಿಯಬೇಕೆಂದು ತೀರ್ಮಾನಿಸುವ ಪರಿಶೀಲನಾ ಸಮಿತಿ ಸೋಮವಾರ ಬರಬೇಕಾಗಿತ್ತು. ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು ಮೇಲಕ್ಕೆ ಹೋಗಿ ಹೇಳಿದೆ. ಅಟೆಂಡರ್ ಅಕ್ಕ ಚಪ್ಪಾಳೆ ತಟ್ಟಿದಳು. "ಬೆಳಗ್ಗಿಂದ ಸಾರ್‌ಗೆ ಒಂದ್ಸಲಾನೂ ಬಿಕ್ಕಳಿಕೆ ಬಂದಿಲ್ವಲ್ಲ, ಇದೆಂಗೆ ಬಂತು?" ಎಂದು ಆಮೇಲೆ ಅನುಮಾನವನ್ನೂ ಪಟ್ಟಳು. ಡಾಕ್ಟರು ಕೇಳಿದ್ದು ಒಂದೇ ಮಾತು. "ಏನ್ ಬರದಾರಂತವಾ?"

ಅದನ್ನು ನಾನು ನೋಡಿರಲಿಲ್ಲ. ನನ್ನ ಕೆಲಸ ಎಣಿಸುವುದಾಗಿತ್ತು, ಓದುವುದಲ್ಲ. ಉಲ್ಲೇಖಿಸಿದ್ದ ಆ ಪ್ರಬಂಧವನ್ನು ತೆರೆದುಕೊಟ್ಟೆ. ಅವರು ನಿಂತುಕೊಂಡೇ ಓದಿದರು, ಆಮೇಲೆ ಕೂತು ಓದಿದರು.

ಡಾಕ್ಟರ ಮುದ್ದೆಯ ಪ್ರಯೋಗ ನಾನು ಕೆಲಸಕ್ಕೆ ಸೇರುವ ಮೊದಲೇ ನಡೆದಿತ್ತು. ಆನೇಕಲ್ ಹತ್ತಿರದ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ರೈತರನ್ನು ಎರಡು ಸಾಲಾಗಿ ಕೂರಿಸಿ ಮುದ್ದೆ ಬಡಿಸಿದ್ದರು. ಒಂದು ಸಾಲಿನವರು ಎಂದಿನಂತೆ ನುಂಗಬೇಕು, ಇನ್ನೊಂದು ಸಾಲಿನವರು ಚೆನ್ನಾಗಿ ಅಗಿದು ತಿನ್ನಬೇಕು. ಆಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಎರಡೂ ಸಾಲಿನವರಿಗೆ ಸಕ್ಕರೆ ಒಂದೇ ಸಮ ಏರಿತ್ತು. ಅಗಿದರೂ ಒಂದೇ, ನುಂಗಿದರೂ ಒಂದೇ ಎಂದು ಡಾಕ್ಟರು ಬರೆದರು. ಈಗ ಬೇರೆ ಊರಿನವರು ಅದೇ ಪ್ರಯೋಗ ಮಾಡಿ, ಅಗಿದವರಿಗೆ ಸಕ್ಕರೆ ಸ್ಪಷ್ಟವಾಗಿ ಹೆಚ್ಚು ಏರುತ್ತದೆ ಎಂದು ತೋರಿಸಿದ್ದರು. ಡಾಕ್ಟರ ಫಲಿತಾಂಶ ಹೀಗೇಕೆ ಬಂತೋ ನಮಗೆ ತಿಳಿಯದು ಎಂದು ಮರ್ಯಾದೆಯಿಂದ ಒಂದು ವಾಕ್ಯ ಸೇರಿಸಿದ್ದರು. ಆ ವಾಕ್ಯವೇ ಹತ್ತನೆಯ ಉಲ್ಲೇಖ.

ಶನಿವಾರ ಡಾಕ್ಟರು ಸಂಸ್ಥೆಯ ಜೀಪಿನಲ್ಲಿ ಆ ಹಳ್ಳಿಗೆ ಹೊರಟರು. ನಾನು ಆನೇಕಲ್ ಕಡೆಯವಳಾದ್ದರಿಂದ ಜೊತೆಗೆ ಕರೆದರು. ದಾರಿಯಲ್ಲಿ ಪ್ರಯೋಗ ನಡೆದ ಬಗೆಯನ್ನು ಅವರು ವಿವರವಾಗಿ ಹೇಳಿದರು. ಚಂದಾಪುರ ದಾಟುವಷ್ಟರಲ್ಲಿ ಏನಾಗಿರಬಹುದೆಂದು ನನಗೆ ಹೊಳೆದಿತ್ತು. ಆದರೆ ಉಂಡವರ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದೆ.

ಅಗಿಯುವ ಸಾಲಿನಲ್ಲಿ ಕೂತಿದ್ದ ಯಜಮಾನರೊಬ್ಬರು ಜಗಲಿಯ ಮೇಲೇ ಸಿಕ್ಕರು. ಹಳ್ಳಿಯಲ್ಲಿ ಎಲ್ಲರಿಗಿಂತ ಹಿರಿಯರು. ಡಾಕ್ಟರನ್ನು ಗುರುತು ಹಿಡಿದು, ಊಟ ಮಾಡದೆ ಮಾತಿಲ್ಲ ಎಂದು ಒಳಗೆ ಕೂರಿಸಿದರು. ಮುದ್ದೆ ಬಂತು, ಹುರುಳಿ ಸಾರು ಬಂತು. ರೊಟ್ಟಿಯ ಊರಿನ ಡಾಕ್ಟರು ಮುದ್ದೆ ಮುರಿದು ಬಾಯಿಗಿಟ್ಟು ಪಚಪಚನೆ ಅಗಿಯತೊಡಗಿದರು. ಬಾಗಿಲ ಹಿಂದೆ ಸೊಸೆಯಂದಿರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯಜಮಾನ್ರ, ಒಂದು ಮಾತು ಕೇಳ್ತೀನಿ, ಖರೆ ಹೇಳ್ಬೇಕು" ಅಂದರು ಡಾಕ್ಟರು. "ಅವತ್ತು ನೀವು ಮುದ್ದಿ ಅಗದ್ರೋ ಇಲ್ಲೋ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಎಲೆ ನೋಡಿದೆ. "ಮುದ್ದೆ ಯಾರಾನಾ ಅಗೀತಾರಾ ಸಾಮಿ? ಅಲ್ಗೆ ಮೆತ್ಕಂತದೆ. ಬೀಗ್ರು ಕಂಡ್ರೆ ಏನಂತಾರೆ? ನಾವೆಲ್ಲಾ ನುಂಗಿದ್ವಿ."

"ಮತ್ತ ನಾ ಎದುರಿಗೇ ನಿಂತು ನೋಡೇನಲ್ರೀ! ದವಡಿ ಆಡ್ತಿದ್ವು!"

"ನುಂಗಾದ್ಮೇಲೆ ಆಡಿಸ್ದೋ ಸಾಮಿ. ಪಾಪ, ಅಷ್ಟು ದೂರದಿಂದ ಬಂದೀರಿ, ಊಟ ಬೇರೆ ಆಕ್ಸೀರಿ. ನಿಮ್ಗೆ ಬೇಜಾರಾಗ್ಬಾರ್ದು ಅಂತ ಎಲ್ರೂ ಮಾತಾಡ್ಕಂಡು ಅಂಗೆ ಮಾಡಿದ್ವಿ."

ಸಾಲಿಗೆ ಸಾಲೇ ಬರಿಯ ಬಾಯಿ ಆಡಿಸಿತ್ತು. ಎಮ್ಮೆ ಮೆಲುಕು ಹಾಕಿದಂತೆ, ವಿಜ್ಞಾನಕ್ಕೆ ನೋವಾಗದಿರಲಿ ಎಂದು. ಡಾಕ್ಟರು ನಗತೊಡಗಿದರು, ನಗುನಗುತ್ತಾ ಬಿಕ್ಕಳಿಕೆ ಹತ್ತಿತು. ಯಜಮಾನರು ನೀರು ಕೊಟ್ಟು ಬೆನ್ನು ಸವರಿದರು. ವಾಪಸು ಬರುವಾಗ ಜೀಪಿನಲ್ಲಿ ಡಾಕ್ಟರು ಹುರಿಗಡಲೆಗೆ ಕೈ ಹಾಕಲಿಲ್ಲ.

ಸೋಮವಾರ ಬೆಳಗ್ಗೆ ನಿರ್ದೇಶಕರ ಕೋಣೆಯಲ್ಲಿ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ. ಪ್ರಬಂಧವನ್ನು ವಾಪಸು ಪಡೆಯುತ್ತೇನೆ ಎಂದು ಡಾಕ್ಟರು ಹೇಳಿದರು. ವಾಪಸು ಪಡೆದರೆ ಸೂಚ್ಯಂಕ ಒಂಬತ್ತಕ್ಕೆ ಇಳಿಯುತ್ತದೆ. ನಿರ್ದೇಶಕರು ಕೆಟ್ಟವರಲ್ಲ, ಕೈಮುಗಿದೇ ಕೇಳಿಕೊಂಡರು. "ಸಾರ್, ಇವತ್ತೊಂದಿನ ತಡ್ಕೊಳ್ಳಿ. ಕಮಿಟಿ ಹೋಗ್ಲಿ. ನಾಳೆ ವಾಪಸ್ ತಗೊಳ್ಳಿ, ಯಾರು ಬೇಡ ಅಂತಾರೆ? ಅವರು ಅಂಕಿ ನೋಡ್ತಾರೆ ಅಷ್ಟೇ, ಹೊಗಳಿದ್ದಾರೋ ಬೈದಿದ್ದಾರೋ ಅಂತ ನೋಡಲ್ಲ."

"ಮಂಗಳವಾರ ಸುಳ್ಳಾಗೂದು ಸೋಮವಾರ ಖರೆ ಹೆಂಗಾಕ್ಕೈತ್ರಿ?" ಅಂದರು ಡಾಕ್ಟರು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ನಾನು ಸಿದ್ಧಪಡಿಸಿದ್ದ ಹಾಳೆ ನೋಡಿ, "ಹತ್ತು. ವೆರಿ ಗುಡ್" ಅಂದರು. ಡಾಕ್ಟರು "ಒಂಬತ್ತ್ರಿ" ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಹಳ್ಳಿಯ ಯಜಮಾನರ ಮಾತನ್ನು ಅವರದೇ ಧಾಟಿಯಲ್ಲಿ ಹೇಳಲು ಹೋಗಿ, ಅದು ಅರ್ಧ ಆನೇಕಲ್ ಅರ್ಧ ಧಾರವಾಡವಾಯಿತು. ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಧ್ಯಕ್ಷರು ಎದ್ದು ಬಂದು ಡಾಕ್ಟರ ಕೈ ಕುಲುಕಿದರು. ಇಂಥ ಪ್ರಾಮಾಣಿಕರು ಅಪರೂಪ ಅಂದರು. ಮತ್ತೆ ಹೋಗಿ ಕೂತು, ಹತ್ತು ಹೊಡೆದುಹಾಕಿ, ಒಂಬತ್ತು ಎಂದು ಬರೆದರು.

ಪ್ರಯೋಗಾಲಯ ಆ ಬೇಸಿಗೆಯಲ್ಲಿ ಮುಚ್ಚಿತು. ಆ ಕೋಣೆಗಳು ತರಬೇತಿ ಕೇಂದ್ರವಾದವು. ಗಾರ್ಮೆಂಟ್ಸ್ ಹೆಂಗಸರ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ.

ಹೋಗುವ ಮುಂಚೆ ಡಾಕ್ಟರು ಮುದ್ದೆಯ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಒಂದೇ ಪುಟದ ತಪ್ಪೊಪ್ಪಿಗೆ ಬರೆದರು. ಅಗಿಯುವ ಸಾಲಿನವರು ಸೌಜನ್ಯಕ್ಕಾಗಿ ದವಡೆ ಆಡಿಸಿದರು, ಎದುರಿಗೇ ನಿಂತ ನನಗೆ ಅದು ತಿಳಿಯಲಿಲ್ಲ ಎಂದು ಅದರಲ್ಲಿತ್ತು. ಸಂಪಾದಕರು 'ಸೌಜನ್ಯ' ತೆಗೆದು 'ನಿಯಮ ಪಾಲಿಸಲಿಲ್ಲ' ಎಂದು ಹಾಕೋಣವೇ ಅಂದರು. ಡಾಕ್ಟರು ಒಪ್ಪಲಿಲ್ಲ. "ಅವರು ನನಗ ಊಟ ಹಾಕ್ಯಾರವಾ. ನಿಯಮ ಮುರದಾರ ಅಂತ ಹೆಂಗ ಬರೀಲಿ?" ಎಂದು ನನ್ನನ್ನು ಕೇಳಿದರು. ಸೌಜನ್ಯವೇ ಅಚ್ಚಾಯಿತು.

ಅವರು ಊರಿಗೆ ಹೋದರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಆಮೇಲೆ ಅದೂ... ತೀರಿಕೊಂಡದ್ದು ನನಗೆ ಗೊತ್ತಾದದ್ದು ಕಾರ್ಯವೆಲ್ಲ ಮುಗಿದ ಮೇಲೆ, ಅಟೆಂಡರ್ ಅಕ್ಕನಿಂದ. ಹೇಗೆ, ಯಾವ ಹೊತ್ತಿನಲ್ಲಿ ಎಂದು ನನಗೆ ಈಗಲೂ ತಿಳಿಯದು. ತಿಳಿಯದ್ದನ್ನು ಬರೆಯುವುದಿಲ್ಲ.

ಕಂಡದ್ದು ಇಷ್ಟು. ಹೋದ ತಿಂಗಳು, ಈಗ ನಾನಿರುವ ಕಾಲೇಜಿನ ಗ್ರಂಥಾಲಯದಲ್ಲಿ, ಹಳೆಯ ಅಭ್ಯಾಸದಿಂದ ಅವರ ಹೆಸರು ಹಾಕಿ ನೋಡಿದೆ. ಆ ಒಂದು ಪುಟದ ತಪ್ಪೊಪ್ಪಿಗೆಯನ್ನು ಎಲ್ಲೆಲ್ಲಿಯವರೋ ಉಲ್ಲೇಖಿಸಿದ್ದರು. ಪ್ರಯೋಗಕ್ಕೆ ಬಂದವರು ನಮ್ಮ ಮನಸ್ಸು ನೋಯಿಸದಿರಲು ಏನೇನು ಮಾಡುತ್ತಾರೆ ಎಂಬುದಕ್ಕೆ ಅದು ಉದಾಹರಣೆಯಾಗಿತ್ತು. ಈ ಸಲ ಎಲ್ಲವನ್ನೂ ಓದಿದೆ. ಯಾರೂ ತಪ್ಪು ಅಂದಿರಲಿಲ್ಲ. ಆ ಪುಟ ಹತ್ತು ಉಲ್ಲೇಖ ದಾಟಿತ್ತು. ಸೂಚ್ಯಂಕ ಹತ್ತಾಗಿತ್ತು. ಪರದೆಗೆ ಅವರಿಲ್ಲವೆಂದು ಗೊತ್ತಿರಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ಕಿವಿಗೊಟ್ಟೆ, ಯಾರೂ ಓಡಿಬರಲಿಲ್ಲ. ಇಷ್ಟು ಜನ ನೆನೆಸಿಕೊಂಡರೆ ಬಿಕ್ಕಳಿಸಬೇಕಾದವರು ಎಲ್ಲಿ?

ಹೋಟೆಲಿನಲ್ಲಿ ಎದುರಿನವರ ಬಿಕ್ಕಳಿಕೆ ನಿಂತಿತ್ತು. ನನ್ನ ಎಲೆಯ ಮುದ್ದೆ ಆರತೊಡಗಿತ್ತು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡೆ. ಹುಟ್ಟಿದಾಗಿನಿಂದ ಮಾಡದ ಕೆಲಸ ಅದು, ಅಗಿದೆ. ಡಾಕ್ಟರ ಆ ಸಾಲಿನಲ್ಲಿ ಒಬ್ಬರಾದರೂ ಅಗಿಯಲಿ ಎಂದು. ಯಜಮಾನರು ಹೇಳಿದ್ದು ನಿಜ, ಹಲ್ಲಿಗೆಲ್ಲ ಮೆತ್ತಿಕೊಂಡಿತು. ಕಣ್ಣಲ್ಲಿ ನೀರು ಬಂತು.

ಎದುರಿನವರು ತಮ್ಮ ಊಟ ನಿಲ್ಲಿಸಿ, ನನ್ನ ದವಡೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕನಿಕರದಿಂದ ಕೇಳಿದರು:

"ಯಾವೂರಮ್ಮ ನಿಮ್ದು?"

ಬಾಯಿ ತುಂಬ ಮುದ್ದೆಯಿತ್ತು. ಅಗಿಯುತ್ತಲೇ ಹೋದೆ.