ಬಿಚ್ಚದೆ ಬಿಟ್ಟ ಹಿಂದಿನ ಕವಚ

ಯಂತ್ರಗಳನ್ನು ದುರಸ್ತಿ ಮಾಡುವವರು ಊರಿಗೆ ನೂರು ಮಂದಿ ಸಿಗಬಹುದು. ಯಾರ ಕಣ್ಣಿಗೂ ಬೀಳದ ಭಾಗವನ್ನು ಎಲ್ಲರ ಕಣ್ಣಿಗೆ ಬೀಳುವ ಭಾಗದಷ್ಟೇ ಶ್ರದ್ಧೆಯಿಂದ ನೋಡುವವರು ನೂರಕ್ಕೊಬ್ಬರು ಸಿಕ್ಕರೆ ಹೆಚ್ಚು. ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಇಡೀ ನಗರಕ್ಕೆ ಕೊನೆಯ ಮಾತು ಎನಿಸಿಕೊಂಡವರು, ಮೂವತ್ತೆಂಟು ವರ್ಷಗಳ ಸೇವೆಯಲ್ಲಿ ಇಪ್ಪತ್ತೇಳನ್ನು ಗ್ಯಾರೇಜಿಗೂ ಉಳಿದ ಹನ್ನೊಂದನ್ನು ನಮ್ಮ ತರಬೇತಿ ಶಾಲೆಗೂ ಧಾರೆಯೆರೆದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮೆಲ್ಲರ ಮೇಷ್ಟ್ರು.

ಅವರೊಡನೆ ಹದಿನೈದು ವರ್ಷ ಹೆಗಲು ಕೊಟ್ಟು ದುಡಿದ ಸಹೋದ್ಯೋಗಿಯೊಬ್ಬನ ನೆನಪುಗಳಿಲ್ಲದೆ ಈ ಅಭಿನಂದನ ಸಂಪುಟ ಅಪೂರ್ಣವೆಂದು ಸಂಪಾದಕ ಮಂಡಳಿ ಭಾವಿಸಿ, ಗ್ಯಾರೇಜಿನ ಈಗಿನ ಹೆಡ್ ಮೆಕ್ಯಾನಿಕ್‌ನನ್ನು ಲೇಖನ ಕೇಳಿತು. ಕೈಗೆ ಸ್ಪ್ಯಾನರ್ ಒಗ್ಗಿದಷ್ಟು ಲೇಖನಿ ಒಗ್ಗಿದವನಲ್ಲ. ಆದ್ದರಿಂದ ಅವನು ಹೇಳುತ್ತಾ ಹೋದದ್ದನ್ನು ಶಾಲೆಯ ಗ್ರಂಥಪಾಲಕರು ಬರೆದುಕೊಂಡರು. ಅವನು ಹಾಕಿದ ಷರತ್ತುಗಳು ಎರಡು: ಒಂದು ಮಾತನ್ನೂ ಮೆದುಗೊಳಿಸಬಾರದು, ತನ್ನನ್ನು ಬಹುವಚನದಲ್ಲಿ ಕರೆಯಬಾರದು. ಎರಡನ್ನೂ ಪಾಲಿಸಲಾಗಿದೆ.

ಗ್ಯಾರೇಜಿನಲ್ಲಿ ಅವನಿಗೆ ಮುರುಕಣ್ಣ ಎಂಬ ಅಡ್ಡಹೆಸರು. ಲೇತ್ ಅಂಗಡಿಯಿಂದ ಬಂದ ಮೊದಲ ವಾರದಲ್ಲೇ ಐದು ಬೋಲ್ಟುಗಳನ್ನು ಮುರಿದು ಸಂಪಾದಿಸಿದ ಬಿರುದು ಅದು. ಅವನು ಕೈಯಿಟ್ಟರೆ ಕಬ್ಬಿಣವೂ ಕಣ್ಣೀರು ಹಾಕುತ್ತದೆ ಎಂದು ಪೇಂಟರು ಹಾಸ್ಯ ಮಾಡಿದಾಗ ನಗದೆ ಇದ್ದವರು ಮೇಷ್ಟ್ರು ಒಬ್ಬರೇ. ಮುರಿದುಳಿದ ಮೋಟನ್ನು ಕಾಯಿಸಿ, ಎಣ್ಣೆ ಕುಡಿಸಿ, ಕಾದು, ಅಂಗುಲ ಅಂಗುಲವಾಗಿ ಹೊರಗೆ ತೆಗೆಯುವ ವಿದ್ಯೆಯನ್ನು ಅವರು ಅವನ ಪಕ್ಕದಲ್ಲೇ ಕುಳಿತು ಕಲಿಸಿದರು. ಮುರಿದದ್ದು ಅಪರಾಧವಲ್ಲ, ಮುಚ್ಚಿಟ್ಟದ್ದು ಅಪರಾಧ ಎಂಬುದು ಅವರ ಮೊದಲ ಪಾಠ. ಮುರುಕಣ್ಣನ ಹೆಂಡತಿ ಹೆರಿಗೆಯ ನಂತರ ಆಸ್ಪತ್ರೆಯಲ್ಲಿ ಜೀವನ್ಮರಣದ ನಡುವೆ ತೂಗಾಡಿದ ಹತ್ತೊಂಬತ್ತು ದಿನ, ತಮ್ಮ ಕೆಲಸದ ಮೇಲೆ ಅವನ ಕೆಲಸವನ್ನೂ ಹೊತ್ತು, ಸಂಜೆ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಮಾತಿಲ್ಲದೆ ಅವನ ಪಕ್ಕ ಕುಳಿತಿರುತ್ತಿದ್ದವರೂ ಅವರೇ. ಇಂಥ ಮನುಷ್ಯನಿಗೆ ಅವನು ಮಾಡಿದ್ದೇನು ಎಂಬುದನ್ನು ಇನ್ನು ಹೇಳಬೇಕು.

ಹನ್ನೊಂದು ವರ್ಷಗಳ ಹಿಂದೆ ದಂತವೈದ್ಯೆಯೊಬ್ಬರು ತಮ್ಮ ತಂದೆಯ ಕಾರನ್ನು ತಪಾಸಣೆಗೆ ತಂದರು. ಎಂಜಿನ್ ಹಿಂಬದಿಯಲ್ಲಿರುವ, ನೆಲಕ್ಕೆ ತಾಗಿದಂತೆ ಓಡುವ, ಎರಡೇ ಬಾಗಿಲಿನ ಕಾರು. ಕಲ್ಲು, ಕೆಸರು ಸಿಡಿಯದಂತೆ ಅದರ ತಳಕ್ಕೆ ಮುಂದೆ, ನಡುವೆ, ಹಿಂದೆ ಎಂದು ಮೂರು ಕವಚಗಳನ್ನು ಬೋಲ್ಟು ಹಾಕಿ ಕೂರಿಸಿದ್ದರು. ಹಿಂದಿನ ಕವಚ ಎಂಜಿನ್ನಿನ ಕೆಳಗೇ ತಟ್ಟೆಯಂತೆ ಇರುತ್ತದೆ. ಮೇಲೆ ಆಯಿಲ್ ಸೋರಿದರೆ ರಸ್ತೆಗೆ ಬೀಳದೆ ಅದರಲ್ಲೇ ನಿಲ್ಲುತ್ತದೆ. ಆದ್ದರಿಂದ ಮೂರನ್ನೂ ಬಿಚ್ಚಿ ನೋಡದೆ ಇಂಥ ಕಾರನ್ನು ಹೊರಗೆ ಬಿಡಬಾರದೆಂಬುದು ಮೇಷ್ಟ್ರ ಕಟ್ಟುನಿಟ್ಟು.

ಮುಂದಿನ, ನಡುವಿನ ಕವಚಗಳನ್ನು ಮೇಷ್ಟ್ರೇ ಬಿಚ್ಚಿದರು. ಮೇಲಿನಿಂದಲೇ ಪಂಪು ಹಾಕಿ ಆಯಿಲ್ ಬದಲಿಸಿ, ಆಯಿಲ್ ಪೈಪಿನ ನಟ್ಟನ್ನು ಬಿಗಿದರು. ಹಿಂದಿನ ಕವಚ ಮುರುಕಣ್ಣನ ಪಾಲಿಗೆ ಬಂತು. ಹತ್ತು ಬೋಲ್ಟುಗಳು, ಹತ್ತೂ ತುಕ್ಕು. ಮೊದಲನೆಯದರ ತಲೆ ಸವೆದು ಸ್ಪ್ಯಾನರ್ ಜಾರಿತು, ಎರಡನೆಯದು ಕಿರುಗುಟ್ಟಿತು. ಹಿಂದಿನ ವಾರವಷ್ಟೇ ಒಂದು ಬೋಲ್ಟು ಮುರಿದು ಯಜಮಾನರಿಂದ ಎಲ್ಲರೆದುರು ಬೈಸಿಕೊಂಡಿದ್ದ ಮುರುಕಣ್ಣನ ಕೈ ಅಲ್ಲೇ ನಿಂತಿತು. ಇನ್ನೊಂದು ಮುರಿದರೆ ಮುಖ ಎಲ್ಲಿಡುವುದು? ಅವನು ಕವಚದ ಅಂಚಿನ ಸಂದಿಯಲ್ಲಿ ಟಾರ್ಚು ಬಿಟ್ಟು ಇಣುಕಿದ. ಕತ್ತಲೆಯ ಹೊರತು ಏನೂ ಕಾಣಲಿಲ್ಲ. ಬಟ್ಟೆಯಿಂದ ಕವಚದ ಹೊರಮೈಯನ್ನು ಫಳಫಳ ಒರೆಸಿದ. ಮಾಡಿದ ಕೆಲಸ ದಾಖಲಿಸುವ ಜಾಬ್ ಕಾರ್ಡಿನಲ್ಲಿ ‘ಬಿಚ್ಚಿ ನೋಡಿದೆ’ ಎಂದು ಬರೆದ.

ಅದಕ್ಕೆ ಸಹಿ ಹಾಕುವ ಮೊದಲು ಮೇಷ್ಟ್ರು ಕೇಳಿದರು: “ಹಿಂದಿನ ಕವರ್ ಬಿಚ್ಚಿ ನೋಡಿದ್ಯಾ?”

“ನೋಡ್ದೆ ಮೇಷ್ಟ್ರೇ. ಒಣಗೇ ಇದೆ, ಒಂದು ತೊಟ್ಟೂ ಇಲ್ಲ.”

ಕೇಳಿದ್ದು ಒಂದು ಮಾತು, ಹೇಳಿದ್ದು ಎರಡು ಸುಳ್ಳು. ಮೇಷ್ಟ್ರು ಸಹಿ ಹಾಕಿದರು.

ಹದಿಮೂರನೆಯ ದಿನ ಬೆಳಿಗ್ಗೆ, ತಂದೆಯನ್ನು ಕೂರಿಸಿಕೊಂಡು ಹೊರಟಿದ್ದ ವೈದ್ಯೆ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ ಹೊಗೆ ಎದ್ದಿತು. ತಂದೆಯನ್ನು ಇಳಿಸಿ, ಏನಾಗಿದೆ ಎಂದು ಎಂಜಿನ್ನಿನ ಮುಚ್ಚಳ ಎತ್ತಿದರು. ಬೆಂಕಿ ಭಗ್ಗೆಂದು ಅವರ ಬಲಗೈಗೆ ಹಾರಿತು. ತಂದೆಗೆ ಏನೂ ಆಗಲಿಲ್ಲ. ವೈದ್ಯೆಗೆ ಎಂಟು ತಿಂಗಳು ಕೈಯಲ್ಲಿ ಉಪಕರಣ ಹಿಡಿಯಲಾಗಲಿಲ್ಲ. ಎರಡು ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಪೈಪಿನ ನಟ್ಟಿನಿಂದ ಆಯಿಲ್ ಸೋರಿ ಕವಚದಲ್ಲಿ ಮಡುಗಟ್ಟಿ ಹೊತ್ತಿಕೊಂಡಿದೆ ಎಂದು ಪರಿಶೀಲಿಸಿದವರು ಹೇಳಿದರು. ಎಷ್ಟು ಕಾಲದಿಂದ ಸೋರುತ್ತಿತ್ತೆಂದು ಹೇಳಲು ಸುಟ್ಟ ಲೋಹದಲ್ಲಿ ಕುರುಹು ಉಳಿದಿರಲಿಲ್ಲ. ಮೇಷ್ಟ್ರ ಲೆಕ್ಕಾಚಾರ ಮಾತ್ರ ನೇರವಾಗಿತ್ತು. ತಪಾಸಣೆಯ ದಿನ ಕವಚ ಒಣಗಿತ್ತು. ಹಾಗಿದ್ದರೆ ಸೋರಿಕೆ ಶುರುವಾದದ್ದು ಆಮೇಲೆ. ಆ ನಟ್ಟನ್ನು ಕೊನೆಗೆ ಮುಟ್ಟಿದ ಕೈ ಯಾವುದು? ಮುರುಕಣ್ಣನ ಮಾತನ್ನು ಅನುಮಾನಿಸಬಹುದೆಂಬುದು ಅವರಿಗೆ ಹೊಳೆಯಲೇ ಇಲ್ಲ. ಅನುಮಾನಿಸುವ ಬದಲು ತಮ್ಮ ಕೈಯನ್ನೇ ಅನುಮಾನಿಸಿಕೊಂಡರು.

ಆಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋದರು. ಮೇಷ್ಟ್ರು ಮಂಚದ ಪಕ್ಕ ನಿಂತು, “ನಟ್ ಬಿಗಿದಿದ್ದು ನಾನಮ್ಮಾ. ತಪ್ಪು ನಂದು” ಎಂದು ಹೇಳಿ ಅತ್ತರು. ಮುರುಕಣ್ಣ ಹಣ್ಣಿನ ಚೀಲ ಹಿಡಿದು ಬಾಗಿಲ ಬಳಿಯೇ ನಿಂತಿದ್ದ. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಹನ್ನೊಂದು ವರ್ಷ ದೂರವಿತ್ತು.

ಮೇಷ್ಟ್ರು ಯಾರೂ ಹೇಳುವ ಮುನ್ನವೇ ಹೆಡ್ ಮೆಕ್ಯಾನಿಕ್ ಹುದ್ದೆ ಬಿಟ್ಟು ತರಬೇತಿ ಶಾಲೆ ಸೇರಿದರು. ಆ ಕುರ್ಚಿಗೆ ಮುರುಕಣ್ಣ ಬಂದ. ಮೊದಲ ದಿನ ಹರಸಲು ಬಂದ ಮೇಷ್ಟ್ರು ಅವನ ಭುಜದ ಮೇಲೆ ಕೈಯಿಟ್ಟು, “ನನ್ನ ಹಾಗೆ ಮಾಡ್ಕೋಬೇಡಪ್ಪ. ಬಿಗಿದ ಮೇಲೆ ಇನ್ನೊಂದ್ ಸಲ ಮುಟ್ಟಿ ನೋಡು” ಎಂದರು. ಅವನು ತಲೆಯಾಡಿಸಿದ. ಆ ಭುಜ ಆಗಲೇ ಉರಿದುಹೋಗಬಾರದಿತ್ತೇ ಎಂದು ಈಗ ಅವನಿಗೆ ಅನ್ನಿಸುತ್ತದೆ. ಆವತ್ತು ಅನ್ನಿಸಿದ್ದು, ಸದ್ಯ ಬಚಾವಾದೆ ಎಂದು ಮಾತ್ರ. ಇದನ್ನೂ ಬರೆಯಲೇಬೇಕೆಂದು ಅವನು ಹಟ ಹಿಡಿದ.

ತರಬೇತಿ ಶಾಲೆಯಲ್ಲಿ ಮೇಷ್ಟ್ರು ಬೆಳಗಿದ ಬಗೆಯನ್ನು ಈ ಸಂಪುಟದ ಬೇರೆ ಲೇಖನಗಳು ವಿವರಿಸಿವೆ. ಅವುಗಳಲ್ಲೆಲ್ಲ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಹನ್ನೊಂದು ವರ್ಷಗಳಲ್ಲಿ ಅವರು ಒಂದು ನಟ್ಟನ್ನೂ ತಾವೇ ಬಿಗಿಯಲಿಲ್ಲ, ವಿದ್ಯಾರ್ಥಿಗಳಿಂದಲೇ ಬಿಗಿಸಿದರು, ಅದೇ ಅವರ ಬೋಧನೆಯ ಗುಟ್ಟು ಎಂದು. ಲೇಖನ ಕೇಳಲು ಫೋನ್ ಮಾಡಿದ ಪ್ರಾಂಶುಪಾಲರು ಇದೇ ಮಾತನ್ನು ಮೆಚ್ಚುಗೆಯಿಂದ ಹೇಳಿದಾಗ ಮುರುಕಣ್ಣ ಕಾರು ಎತ್ತುವ ಲಿಫ್ಟಿನ ಕೆಳಗೆ ನಿಂತಿದ್ದ. ಎಲ್ಲರೂ ವಿಧಾನ ಎಂದುಕೊಂಡದ್ದು ಭಯ ಎಂದು ಗೊತ್ತಿದ್ದವನು ಅವನೊಬ್ಬನೇ. ಆ ಭಯವನ್ನು ಕೊಟ್ಟವನೂ ಅವನೇ. ಫೋನ್ ಇಟ್ಟ ಮೇಲೆ ಅವನಿಗೆ ಆ ದಿನ ಯಾವ ಕಾರನ್ನೂ ಮುಟ್ಟಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದ. ಕುಡಿಯಲು ನೀರು ಕೊಟ್ಟ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವನು ನೀರು ಮುಟ್ಟದೆ ಎಲ್ಲವನ್ನೂ ಹೇಳಿದ. ಮೇಷ್ಟ್ರು ಕೆಲಸದ ಪ್ರಶ್ನೆಯೊಂದನ್ನು ಕೇಳಿದರು.

“ಹತ್ತರಲ್ಲಿ ಎಷ್ಟು ಬಿಚ್ಚಿದ್ದೆ?”

“ಒಂದೂ ಇಲ್ಲ ಮೇಷ್ಟ್ರೇ.”

“ಹಾಗಾದ್ರೆ ಆಯಿಲ್ ಮೊದಲಿಂದ್ಲೇ ಇದ್ದಿರಬಹುದು.”

“ಇದ್ದಿರಬಹುದು. ಬಿಚ್ಚಿದ್ರೆ ಗೊತ್ತಾಗ್ತಿತ್ತು.”

ಮೇಷ್ಟ್ರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ, ಆ ಡಾಕ್ಟರಮ್ಮನಿಗೆ ನೀನೇ ಹೋಗಿ ಹೇಳಬೇಕು, ಪುಸ್ತಕದಲ್ಲಿ ಇದನ್ನೇ ಬರೆಸಬೇಕು, ನನ್ನನ್ನು ಹೊಗಳಬೇಡ ಎಂದು ಮೂರೇ ಮಾತಿನಲ್ಲಿ ಮುಗಿಸಿ ಎದ್ದು ಒಳಗೆ ಹೋದರು. ಗೇಟಿನವರೆಗೂ ಬಂದವರು ಅವರ ಹೆಂಡತಿ. “ಈಗಲೂ ಮಲಗೋ ಮುಂಚೆ ಗ್ಯಾಸ್ ಮೂರು ಸಲ ನೋಡ್ತಾರೆ. ನಲ್ಲಿ ಕೂಡ ನನ್ನ ಕೈಲೇ ಬಂದ್ ಮಾಡಿಸ್ತಾರೆ” ಎಂದರು. “ಹನ್ನೊಂದು ವರ್ಷದಲ್ಲಿ ಒಂದು ಭಾನುವಾರ ನಿಂಗೆ ಬಿಡುವಾಗ್ಲಿಲ್ವೇನಪ್ಪ?” ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ದಂತವೈದ್ಯೆ ರೋಗಿಗಳು ಹೋದ ಮೇಲೆ ಅವನನ್ನು ಒಳಗೆ ಕರೆದರು. ಕೇಳಿ ಮುಗಿಸಿ, ಆವತ್ತು ತನ್ನೆದುರು ಅತ್ತವರಿಗೆ ತಾನು ಒಂದು ಒಳ್ಳೆಯ ಮಾತೂ ಆಡಿರಲಿಲ್ಲ ಎಂದರು. ಅವನಿಗೆ ಹೇಳಿದ್ದು ಇಷ್ಟೇ: “ಅವರ ಹತ್ರ ನಾನು ಕ್ಷಮೆ ಕೇಳ್ಕೋಬೇಕು. ನಿಮಗೆ ಏನು ಹೇಳ್ಬೇಕೋ ನಂಗಿನ್ನೂ ಗೊತ್ತಿಲ್ಲ.”

ಗ್ಯಾರೇಜಿನ ಯಜಮಾನರಿಗೂ ಅವನು ವಿಷಯ ತಿಳಿಸಿ ಹುದ್ದೆ ಬಿಡುವ ಪತ್ರ ಕೊಟ್ಟಿದ್ದಾನೆ. ಹೊಸಬರು ಬರುವ ತನಕ ಇರೆಂದಿದ್ದಾರೆ.

ವೈದ್ಯೆ ಮರುದಿನವೇ ಮೇಷ್ಟ್ರ ಮನೆಗೆ ಹೋದರು. ತಂದೆಯ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಮನೆಯ ಹಿಂದೆ ಹೊದಿಕೆಯಡಿ ಇಟ್ಟಿದ್ದರಂತೆ. ಅದನ್ನು ಮತ್ತೆ ಓಡುವಂತೆ ಮಾಡಿಕೊಡುವಿರಾ ಎಂದು ಕೇಳಿದರು. ಮೂರನೆಯ ದಿನ ಶಾಲೆಯ ವರ್ಕ್‌ಶಾಪಿನಲ್ಲಿ ಮೇಷ್ಟ್ರು, ಎಂದಿನಂತೆ ನಟ್ಟು ಬಿಗಿಯಲು ಮುಂದೆ ಬಂದ ವಿದ್ಯಾರ್ಥಿನಿಯ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ತಾವೇ ಬಿಗಿದರು. ಬಿಗಿದ ಮೇಲೆ ಇನ್ನೊಂದು ಸಲ ಮುಟ್ಟಿ ನೋಡಲಿಲ್ಲವಂತೆ. ಆ ಸಂಜೆ ವೈದ್ಯೆಗೆ ಒಪ್ಪಿಗೆ ತಿಳಿಸಿದರು. ನಿವೃತ್ತಿಯ ಮರುದಿನದಿಂದಲೇ ಆ ಕೆಲಸ ಆರಂಭ.

ಜೊತೆಗೆ ಕೆಲಸಕ್ಕೆ ಬರಲೇ ಎಂದು ಮುರುಕಣ್ಣ ಮೇಷ್ಟ್ರ ಹೆಂಡತಿಯ ಮೂಲಕ ಕೇಳಿಸಿದ್ದಾನೆ. ಈ ಲೇಖನ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ. ಬರಲೇಬೇಕೆಂದು ಅವನು ಅಂದುಕೊಂಡೂ ಇಲ್ಲ. ಒಬ್ಬರ ಬದುಕಿನ ಹನ್ನೊಂದು ವರ್ಷ ಕಿತ್ತುಕೊಂಡವನು ಅವರಿಗೆ ಆಯುಸ್ಸು ಹಾರೈಸುವುದು ಯಾವ ಬಾಯಿಂದ ಎಂದು ಅವನು ಗ್ರಂಥಪಾಲಕರನ್ನು ಕೇಳಿದ. ಕೊನೆಗೆ ಅವನೇ ತಡೆತಡೆದು ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಇಡಲಾಗಿದೆ: ಮೇಷ್ಟ್ರು ಬಹಳ ವರ್ಷ ಬಾಳಲಿ, ಆ ಕಾರು ರಸ್ತೆಗಿಳಿಯಲಿ, ಅವರ ಕೈಯಲ್ಲಿ ಯಾವ ದೋಷವೂ ಇಲ್ಲ, ಅಂದೂ ಇರಲಿಲ್ಲ.