ಮೊಟ್ಟೆ ಹಾಕದ ದಿಲ್‌ಪಸಂದ್

ನಮ್ಮ ಅತ್ತೆಯ ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚಬಹುದು, ಕಾಯಿ ತುರಿಯಬಹುದು, ಪಾತ್ರೆ ಒರೆಸಿಡಬಹುದು. ಒಲೆಯ ಮೇಲಿನ ಸಾರಿಗೆ ಸೌಟು ಹಾಕುವಂತಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಸೌಟಿಗೆ ಕೈ ಹಾಕಿದ ಕೂಡಲೆ, ನೀನು ಬಿಡಮ್ಮ, ಸುಸ್ತಾಗಿರುತ್ತೀಯ ಎಂದು ಅತ್ತೆ ಇಸಿದುಕೊಳ್ಳುತ್ತಿದ್ದರು. ಮದುವೆಯಾಗಿ ಜಯನಗರದ ಈ ಮನೆಗೆ ಬಂದ ಮೊದಲ ವರ್ಷ ಅದನ್ನು ಪ್ರೀತಿ ಎಂದೇ ತಿಳಿದಿದ್ದೆ. ಎಂಥ ದಡ್ಡಿ ನಾನು.

ನನ್ನ ತವರು ಇಲ್ಲೇ ತಿಲಕ್ ನಗರ, ನಡೆದೇ ಹೋಗಬಹುದು. ಅಲ್ಲಿ ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಭಾನುವಾರ ಕೋಳಿಸಾರು. ನನ್ನ ಜಾತಿ ಗೊತ್ತಿದ್ದೇ ನನ್ನ ಗಂಡ ಮನೆಯವರ ಜೊತೆ ಎಂಟು ತಿಂಗಳು ಜಗಳವಾಡಿ ನನ್ನನ್ನು ಮದುವೆಯಾದ. ಅವತ್ತಿನಿಂದ ನಾನು ಮಾಂಸವನ್ನಷ್ಟೇ ಅಲ್ಲ, ಮೊಟ್ಟೆಯನ್ನೂ ಬಿಟ್ಟೆ. ಯಾರೂ ಕೇಳಿರಲಿಲ್ಲ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ.

ಓವನ್ ತಂದ ಮೇಲೆ ಒಂದು ದಾರಿ ಸಿಕ್ಕಿತು. ಅದನ್ನು ಅಡುಗೆಮನೆಯ ಹೊಸ್ತಿಲಿನ ಈಚೆ, ಊಟದ ಮೇಜಿನ ಪಕ್ಕ ಇಟ್ಟೆವು. ಬೇಕರಿ ತಿಂಡಿಗೆ ಮಡಿ ಮೈಲಿಗೆ ಇಲ್ಲ ಎಂಬುದು ಅತ್ತೆಯ ಶಾಸ್ತ್ರ. ಯಾರು ಕಲಸಿದರೋ ಯಾರು ಬೇಯಿಸಿದರೋ, ಬೇಕರಿಯ ಬನ್ನನ್ನು ಅವರು ಜೀವಮಾನವೆಲ್ಲ ತಿಂದಿದ್ದಾರೆ. ಹಾಗಾಗಿ ನಾನು ಓವನ್ನಿನಲ್ಲಿ ಮಾಡಿದ್ದೂ ನಡೆಯುತ್ತಿತ್ತು.

ಮಾವನಿಗೆ ಬೇಕರಿ ತಿಂಡಿಗಳಲ್ಲಿ ದಿಲ್‌ಪಸಂದ್ ಎಂದರೆ ಪ್ರಾಣ. ಮಾಡುವುದು ಕಷ್ಟವೇನಲ್ಲ. ಮೈದಾಕ್ಕೆ ತಣ್ಣನೆಯ ಬೆಣ್ಣೆ ಉಜ್ಜಿ, ಐಸ್ ನೀರು ಚಿಮುಕಿಸಿ ಕಲಸಬೇಕು, ಚಪಾತಿ ಹಿಟ್ಟಿನಂತೆ ನಾದಿದರೆ ಕೆಟ್ಟಿತು. ಎರಡು ದುಂಡು ಹಾಳೆ ಲಟ್ಟಿಸಿ, ನಡುವೆ ಕೊಬ್ಬರಿ, ಸಕ್ಕರೆ, ಟೂಟಿ ಫ್ರೂಟಿ, ಏಲಕ್ಕಿ ಹರಡಿ, ಅಂಚು ಒತ್ತಿ, ಮೇಲೆ ಫೋರ್ಕಿನಿಂದ ಚುಚ್ಚಬೇಕು. ಬಣ್ಣ ಬರಲೆಂದು ಕೆಲವರು ಮೊಟ್ಟೆ ಸವರುತ್ತಾರೆ. ನಾನು ಹಾಲಿಗೆ ಚೂರು ಸಕ್ಕರೆ ಬೆರೆಸಿ ಸವರುತ್ತೇನೆ. ಐದು ವರ್ಷ ಒಂದು ಶನಿವಾರವೂ ತಪ್ಪಿಸಲಿಲ್ಲ. ಮಾವ ಬಿಸಿಬಿಸಿಯಾಗಿ ಮುರಿದು ತಿನ್ನುವಾಗ ನನಗೆ ಹೊಟ್ಟೆ ತುಂಬುತ್ತಿತ್ತು. ಕೊನೆಗೂ ಈ ಮನೆಯವರು ನನ್ನ ಕೈಯಡುಗೆ ತಿಂದರು ಎಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಬನಶಂಕರಿಯಿಂದ ಮಾವನ ಅಕ್ಕ ಬಂದರು. ನಮ್ಮ ಮದುವೆಗೂ ಬಾರದವರು, ಆರು ವರ್ಷದ ಮೇಲೆ ಮೊದಲ ಸಲ. ಬೆಳಿಗ್ಗೆಯೇ ಎದ್ದು ಎರಡು ದಿಲ್‌ಪಸಂದ್ ಮಾಡಿಟ್ಟು ಸೀರೆ ಉಡಲು ಹೋದೆ. ವಾಪಸ್ ಬಂದರೆ ಅತ್ತೆ ಅವನ್ನು ತುಂಡು ಮಾಡಿ, ಯಾವತ್ತೋ ಎತ್ತಿಟ್ಟಿದ್ದ ಬೇಕರಿಯ ರಟ್ಟಿನ ಡಬ್ಬಿಗೆ ಜೋಡಿಸಿ, ದಾರ ಸುತ್ತುತ್ತಿದ್ದರು. ಆಮೇಲೆ ಮಾವನ ಅಕ್ಕನ ಕಣ್ಣೆದುರೇ ಆ ದಾರವನ್ನು ಕತ್ತರಿಸಿ, ಈಗಷ್ಟೇ ಬೇಕರಿಯಿಂದ ತರಿಸಿದ್ದು ಎಂದರು.

ಗಂಡನ ಮುಖ ನೋಡಿದೆ. ಅವನು ತಟ್ಟೆ ಹಂಚತೊಡಗಿದ. ಮಾವ ಓದಿದ ಪೇಪರನ್ನೇ ಮತ್ತೆ ಓದುತ್ತಿದ್ದರು.

ಮಾವನ ಅಕ್ಕ ಅರ್ಧ ತುಂಡು ತಿಂದು ನಿಲ್ಲಿಸಿದರು. ಬೇಕರಿಯವರನ್ನು ನಂಬುವ ಹಾಗಿಲ್ಲ ಎಂಬ ಅನುಮಾನ. ಸುತ್ತಲೂ ನೋಡಿ, ಅವತ್ತು ಮೊದಲ ಬಾರಿಗೆ ನನ್ನ ಜೊತೆ ಮಾತಾಡಿದರು.

"ನಿಂಗೆ ಮೊಟ್ಟೆ ರುಚಿ ಗೊತ್ತಿರತ್ತಲ್ಲಮ್ಮ. ಒಂದ್ ಚೂರು ತಿಂದು ನೋಡಿ ಹೇಳು, ಹಾಕಿದಾರಾ?"

ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಮೈಯೆಲ್ಲ ಉರಿದುಹೋಯಿತು. ನಾನೇ ಹಾಲು ಸವರಿ ಬೇಯಿಸಿದ್ದನ್ನು ಎಲ್ಲರೆದುರು ಕಚ್ಚಿ, ಅಗಿದು, ನುಂಗಿದೆ.

"ಹಾಕಿಲ್ಲ. ನಾನೇ ಮಾಡಿದ್ದು."

ಅವರ ಕೈಯಲ್ಲಿದ್ದ ಅರ್ಧ ತುಂಡು ತಟ್ಟೆಗೆ ಇಳಿಯಿತು. ಅತ್ತೆ ಜೋರಾಗಿ ನಕ್ಕರು.

"ತಮಾಷೆ ಮಾಡ್ತಾಳೆ ಅತ್ತಿಗೆ. ಇವಳಿಗೆಲ್ಲಿ ಬರತ್ತೆ ಇದೆಲ್ಲ?"

ಮಾವ ನಕ್ಕರು. ನನ್ನ ಗಂಡನೂ ನಕ್ಕ. ಮಾವನ ಅಕ್ಕ ಸಮಾಧಾನವಾಗಿ ಆ ತುಂಡನ್ನು ಮತ್ತೆ ಎತ್ತಿಕೊಂಡು ಮುಗಿಸಿದರು, ಇನ್ನೊಂದನ್ನೂ ತಿಂದರು.

ಅವರು ಹೋದ ಮೇಲೆ ಗಂಡ ಸಮಜಾಯಿಷಿ ಕೊಡಲು ಬಂದ. ವಯಸ್ಸಾದವರು, ಒಂದು ದಿನದ ಮಾತು, ಯಾಕೆ ರಾದ್ಧಾಂತ ಎಂದ. ಎಂಟು ತಿಂಗಳು ಜಗಳವಾಡಿದ್ದವನ ಬಾಯಿಂದ ಅವರೆದುರು ಒಂದು ವಾಕ್ಯ ಹೊರಡಲಿಲ್ಲ. ಅತ್ತೆಗಿಂತ ಅವನ ಮೇಲೆ ನನಗೆ ಹೆಚ್ಚು ಸಿಟ್ಟು, ಇವತ್ತಿಗೂ.

ಮುಂದಿನ ಶನಿವಾರ ಮಾವ ಎರಡು ಸಲ ಓವನ್ನಿನ ಕಡೆ ನೋಡಿದರು. ಮೂರನೆಯ ಸಲ, ಇವತ್ತು ಶನಿವಾರ ಅಲ್ಲವೇನಮ್ಮ ಎಂದು ಕೇಳಿದರು.

"ಹೌದು ಮಾವ," ಅಂದೆ. "ಬೇಕರಿಯಿಂದ ತರಿಸ್ಕೊಳ್ಳಿ."

ಅವರ ಮುಖ ಬಾಡಿತು. ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ನಾನು ಕೂತಲ್ಲಿಂದ ಏಳಲಿಲ್ಲ.