ಉಪ್ಪಿಲ್ಲದ ಬುತ್ತಿ

ನಾನು ತಲೆಗೆ ಬೆಣ್ಣೆ ಹಚ್ಚಿಕೊಂಡ ದಿನ ಅತ್ಸೆದೆ ನನ್ನನ್ನು ಒಲೆಯ ಹತ್ತಿರಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ. ಬಿಸಿಗೆ ಬೆಣ್ಣೆ ಕರಗಿ ಹೆಂಚಿನ ಮೇಲೆ ಒಂದು ಹನಿ ಬಿದ್ದರೂ ಉಪವಾಸ ಹಿಡಿದ ಅರ್ಧ ಊರಿನ ಪಾಪ ತನ್ನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎನ್ನುತ್ತಿದ್ದಳು. ನಾನು ಹೊಸ್ತಿಲಾಚೆಯ ಕಲ್ಲಿನ ಮೇಲೆ ಕುಳಿತು ಅಲ್ಲಿಂದಲೇ ಹರಟೆ ಹೊಡೆಯಬೇಕಿತ್ತು. ಅವಳು ಕ್ರೈಸ್ತಳು, ನಾವು ಮುಸಲ್ಮಾನರು, ಬುಧವಾರ ಶುಕ್ರವಾರ ಹಾಲು ಬೆಣ್ಣೆ ಮಾಂಸ ಬಿಡುವ ಕಟ್ಟಳೆ ನಮಗಿಲ್ಲ. ಆದರೆ ಇಷ್ಟು ವರ್ಷ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಬದುಕಿದ ಮೇಲೆ ಅವಳ ಉಪವಾಸದ ದಿನಗಳು ನನಗೂ ಬಾಯಿಪಾಠವಾಗಿದ್ದವು.

ನಮ್ಮ ಬೆಟ್ಟದೂರು ಕುತಾಬೆರ್‌ನ ಬಸ್ ನಿಲ್ದಾಣದ ಹಿಂದೆ ನನ್ನ ಕಾಫಿ ಅಂಗಡಿ. ಅದಕ್ಕೆ ಅಂಟಿಕೊಂಡ ಒಂಟಿ ಕೋಣೆ ಅತ್ಸೆದೆಯದು. ಬೆಳಕು ಹರಿಯುವ ಮುಂಚೆಯೇ ಅವಳ ಹೆಂಚಿನ ಮೇಲೆ ಜವೆಗೋಧಿ ಚಟಪಟ ಎನ್ನುತ್ತಿತ್ತು. ಹುರಿದದ್ದರಲ್ಲಿ ಅರ್ಧಕ್ಕೆ ಕಡಲೆ, ಕುಸುಬೆ ಬೆರೆಸಿದರೆ ಅದು ಶಾಲೆಗೆ ಹೋಗುವ ಮಕ್ಕಳ ಜೇಬಿಗೂ ರಸ್ತೆ ಕೆಲಸದವರ ಚೀಲಕ್ಕೂ ಹೋಗುತ್ತಿತ್ತು. ಉಳಿದರ್ಧವನ್ನು ಬೀಸಿ ಬೆಸೊ ಮಾಡುತ್ತಿದ್ದಳು. ಆ ಹುರಿಹಿಟ್ಟಿಗೆ ನೀರು ಹಾಕಿ ಕಲಸಿ ಉಂಡೆ ಕಟ್ಟಿದರೆ ಒಂದು ಹೊತ್ತು ಕಳೆಯುತ್ತದೆ. ಆದರೆ ಹೆಸರಾದದ್ದು ಅವಳ ದಾಬೊ ಕೋಲೊ. ಗೋಧಿ ಹಿಟ್ಟಿಗೆ ಉಪ್ಪು, ಖಾರದ ಪುಡಿ, ಹುಚ್ಚೆಳ್ಳೆಣ್ಣೆ ಹಾಕಿ ನಾದಿ, ಉದ್ದಕ್ಕೆ ಹೊಸೆದು, ಕಡಲೆಕಾಳಿನಷ್ಟು ಕತ್ತರಿಸಿ, ಸಣ್ಣ ಉರಿಯಲ್ಲಿ ಹುರಿದದ್ದು. ಬೆಣ್ಣೆ ಇಲ್ಲದ್ದರಿಂದ ತಿಂಗಳಾದರೂ ಮುಗ್ಗಲು ವಾಸನೆ ಬರುತ್ತಿರಲಿಲ್ಲ. ಉಪವಾಸವಿದ್ದವರೂ ತಿನ್ನಬಹುದು, ಇಲ್ಲದವರೂ ತಿನ್ನಬಹುದು. ನಮ್ಮೂರಲ್ಲಿ ದೂರಕ್ಕೆ ಹೊರಟವರ ಚೀಲದಲ್ಲಿ ಬೇರೇನಿಲ್ಲದಿದ್ದರೂ ಅವಳ ಕೈಯ ಬುತ್ತಿ ಒಂದು ಇರುತ್ತಿತ್ತು.

ಅವಳು ಹುಟ್ಟಿದ್ದು ಇನ್ನೂ ಮೇಲಿನ, ಇನ್ನೂ ಚಳಿಯ ಊರಿನಲ್ಲಿ. ಗಂಡ ಲಾರಿಯ ಕ್ಲೀನರ್. ಮಗಳು ಫಿಕಿರ್ತೆ ಅಂಬೆಗಾಲಿಡುವ ಹೊತ್ತಿಗೆ ಕೈಕೊಟ್ಟು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಅತ್ತೆ ಮಾತ್ರ ಚಿನ್ನದಂಥ ಹೆಂಗಸು. ನನ್ನ ಮಗ ನಾಲಾಯಕ್ಕು, ನನ್ನ ಹೆಂಚು ನಾಲಾಯಕ್ಕಲ್ಲ ಎಂದು ಹೇಳಿ, ಸೊಸೆಗೆ ಹುರಿಯುವ ಹದ ಕಲಿಸಿ ಕಣ್ಣು ಮುಚ್ಚಿದಳು. ಆಮೇಲೆ ತಾಯಿ ಮಗಳಿಬ್ಬರ ಹೊಟ್ಟೆಯನ್ನೂ ಹೊರೆದದ್ದು ಆ ಹೆಂಚೇ.

ಯಾರು ಎಲ್ಲಿಗೆ ಹೊರಟಿದ್ದಾರೆಂದು ಅವಳಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸೀಟು ಸಿಕ್ಕ ಮಗನಿಗಾದರೆ ತಾಯಂದಿರು ಹಿಟ್ಟಿಗೆ ಸಕ್ಕರೆ ಹೆಚ್ಚು ಹಾಕಿಸುತ್ತಿದ್ದರು, ನಾಲ್ಕು ಜನಕ್ಕೆ ಕೇಳುವಂತೆ ಜಂಬ ಕೊಚ್ಚುತ್ತಿದ್ದರು. ಹೊಲದ ಕೂಲಿಗೆ ಕೆಳನಾಡಿಗೆ ಇಳಿಯುವವರು ಖಾರ ಕೇಳುತ್ತಿದ್ದರು. ಇನ್ನು ಕೆಲವರು ಬಂದು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಉಪ್ಪು ಬೇಡ, ಖಾರವೂ ಬೇಡ ಎನ್ನುತ್ತಿದ್ದರು. ಅವರು ಬಾತಿಯ ಇಳಿಜಾರು ಇಳಿದು, ಅಫಾರರ ಮರಳುಗಾಡು ನಡೆದು ದಾಟಿ, ಜಿಬೂತಿಯ ಕಡಲದಂಡೆಯಲ್ಲಿ ಕಳ್ಳದೋಣಿ ಹತ್ತಿ, ಅರಬರ ದೇಶಕ್ಕೆ ಹೋಗುವವರು. ಆ ದಾರಿಯಲ್ಲಿ ಹಸಿವು ತಡೆಯಬಹುದು, ಬಾಯಾರಿಕೆ ತಡೆಯಲಾಗದು. ಉಪ್ಪು ಖಾರ ತಿಂದರೆ ನೀರು ಬೇಡುತ್ತದೆ ಎಂದು ದಾಟಿಸುವ ದಲ್ಲಾಳಿಗಳೇ ಹೇಳಿಕೊಟ್ಟಿರುತ್ತಾರೆ. ಆ ಹಾಳಾದವರಿಗೆ ಅಷ್ಟಾದರೂ ಕರುಣೆಯಿದೆಯಲ್ಲ ಎನ್ನಬೇಡಿ. ಸರಕು ದಾರಿಯಲ್ಲಿ ಸತ್ತರೆ ಅವರಿಗೇ ನಷ್ಟ.

ಅತ್ಸೆದೆ ಮೊದಲೆಲ್ಲ ಏನೂ ಕೇಳದೆ ಮಾಡಿಕೊಡುತ್ತಿದ್ದಳು. ಯಿಮರ್ ಹೋದ ಮೇಲೆ ನಿಲ್ಲಿಸಿದಳು. ಯಿಮರ್ ಎಂದರೆ ಎದುರು ಮನೆಯ ಹುಡುಗ, ಅವಳ ಕಣ್ಣೆದುರು ಬೆಳೆದವನು. ಅವನೂ ಅವಳ ಕೈಯಿಂದಲೇ ಉಪ್ಪಿಲ್ಲದ ಬುತ್ತಿ ಕಟ್ಟಿಸಿಕೊಂಡು ಹೋಗಿದ್ದ. ಕಡಲು ಕಾಣುವ ಮೊದಲೇ ಬಿದ್ದನಂತೆ. ಸಾವಿನ ಮನೆಗೆ ಹೋದಾಗ ಅವನ ತಾಯಿ ಅತ್ಸೆದೆಯ ಕೈ ಹಿಡಿದು, ಬುತ್ತಿ ಇನ್ನೂ ಅರ್ಧ ಉಳಿದಿತ್ತಂತೆ ಕಣೇ, ನನ್ನ ಮಗ ಹಸಿದು ಸಾಯಲಿಲ್ಲ ಎಂದಳು. ಸಮಾಧಾನಕ್ಕೆಂದೇ ಆಡಿದ ಮಾತು. ಅದನ್ನು ಕೇಳಿ ಅತ್ಸೆದೆ ಮನೆಗೆ ಬಂದವಳು ಮೂರು ಹೊತ್ತು ಒಲೆ ಹಚ್ಚಲಿಲ್ಲ. ಅಂದಿನಿಂದ ಉಪ್ಪು ಬೇಡ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಹಿಟ್ಟಿನ ಕೈಯಲ್ಲೇ ಎದ್ದು ಅಂಗಳದ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಊರವರು ಬೈದರು. ನೀನು ಕೊಡದಿದ್ದರೆ ಹೋಗುವುದು ನಿಲ್ಲುತ್ತದೆಯೇ ಎಂದು ಕೇಳಿದರು. ಕೇಳಿದವರ ಮನೆಗೆ ಅವಳು ಕಾಫಿಗೂ ಹೋಗುವುದನ್ನು ಬಿಟ್ಟಳು.

ಆಮೇಲೆ ಅವಳಿಗೆ ಉಳಿದದ್ದು ಒಂದೇ ಹಟ: ಫಿಕಿರ್ತೆ ಆ ದಾರಿ ತುಳಿಯಬಾರದು. ಹುಡುಗಿ ಓದಿನಲ್ಲಿ ಚುರುಕು. ಹನ್ನೆರಡನೆಯದರ ಪರೀಕ್ಷೆ ದಾಟಿದರೆ ಸೀಟು, ಸೀಟು ಸಿಕ್ಕರೆ ಸಕ್ಕರೆ ಹಾಕಿದ ಬುತ್ತಿ. ಅದಕ್ಕೆಂದೇ ಒಳ್ಳೆಯ ಬಿಳಿ ಜವೆ ಒಂದು ಚೀಲ ತೆಗೆದಿಟ್ಟಿದ್ದಳು. ಆ ವರ್ಷದ ಫಲಿತಾಂಶ ನೋಡಿ ಶಾಲೆಯ ಮೇಷ್ಟ್ರೇ ತಲೆ ಮೇಲೆ ಕೈ ಹೊತ್ತು ಕುಳಿತರು. ಇಡೀ ತರಗತಿಯಲ್ಲಿ ದಾಟಿದವರು ಕೈಬೆರಳಿಗಿಂತ ಕಡಿಮೆ. ಫಿಕಿರ್ತೆ ಅವರಲ್ಲಿರಲಿಲ್ಲ. ನನ್ನ ಅಣ್ಣನ ಮಗಳು ತೋಯ್ಬಾ ಕೂಡ ಇರಲಿಲ್ಲ. ಇಬ್ಬರೂ ಒಂದೇ ಬೆಂಚಿನವರು, ಒಂದೇ ಚಾದರದಲ್ಲಿ ಮುಖ ಮುಚ್ಚಿಕೊಂಡು ನನ್ನ ಅಂಗಡಿಯ ಮೂಲೆಯಲ್ಲಿ ಅತ್ತರು.

ಆ ವರ್ಷ ಸಕ್ಕರೆಯ ಬುತ್ತಿ ಕೇಳಿ ಯಾರೂ ಬರಲಿಲ್ಲ. ಅತ್ಸೆದೆ ಮಗಳಿಗೆ ಸಾವಿರ ಹೇಳಿದಳು. ಪರೀಕ್ಷೆ ಇನ್ನೊಮ್ಮೆ ಕಟ್ಟು ಎಂದಳು, ದೆಸ್ಸೆ ಪೇಟೆಯಲ್ಲಿ ಹೊಲಿಗೆ ಕಲಿ ಎಂದಳು, ಕೊನೆಗೆ ಈ ಹೆಂಚು ನಿನ್ನದೇ ಎಂದಳು. ಗೋಡೆಯಾಚೆಯಿಂದ ನನಗೆಲ್ಲ ಕೇಳಿಸುತ್ತಿತ್ತು. ಹುಡುಗಿ ಜಗಳಗಂಟಿಯಲ್ಲ, ತಾಯಿಗೆ ಎದುರಾಡಿದವಳಲ್ಲ. ಅವತ್ತು ಮಾತ್ರ ಹೇಳಿಬಿಟ್ಟಳು.

"ನಾನು ಹುರೀತಾ ಕೂತ್ರೆ ತಿನ್ನೋಕೆ ಯಾರಿರ್ತಾರೆ, ಎಮಾಯೆ? ನಿನ್ನ ಹತ್ರ ಬರೋರೆಲ್ಲ ಊರು ಬಿಟ್ಟು ಹೋಗೋರೇ ಅಲ್ವಾ?"

ಅತ್ಸೆದೆ ಅಂದಿನಿಂದ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ನೀರಿಗೆ ಹೋದರೆ ಬಾಗಿಲಲ್ಲಿ ನಿಲ್ಲುವಳು, ಸಂತೆಗೆ ಹೋದರೆ ಹಿಂದೆಯೇ ಹೋಗುವಳು. ಬಸ್ ನಿಲ್ದಾಣದಲ್ಲಿ ಅಪರಿಚಿತ ಗಂಡಸು ಕಂಡರೆ ನನ್ನನ್ನು ಕರೆದು, ಇವನ್ಯಾರು ಕೇಳು ಹೋಗು ಎನ್ನುವಳು. ಪಾಪ, ಬೇಕಾದಷ್ಟು ಜನ ಪಶುವೈದ್ಯರು, ಬೀಜ ಮಾರುವವರು ನನ್ನ ಬಾಯಲ್ಲಿ ಬೈಸಿಕೊಂಡರು.

ದೊಡ್ಡ ಉಪವಾಸದ ನಡುವೆ ಒಂದು ಮಧ್ಯಾಹ್ನ ಅತ್ಸೆದೆ ಇಗರ್ಜಿಯಿಂದ ಬಂದವಳು ನನ್ನನ್ನು ಕೂಗಿದಳು. ದನಿ ಸರಿಯಿರಲಿಲ್ಲ. ಕಾಫಿ ಕುಡಿಯುತ್ತಿದ್ದವರನ್ನು ಹಾಗೇ ಬಿಟ್ಟು ಓಡಿದೆ. ಜವೆಯ ಚೀಲದ ಹಿಂದೆ ಬಚ್ಚಿಟ್ಟಿದ್ದ ಬಟ್ಟೆಗಂಟನ್ನು ಬಿಚ್ಚಿ ಮುಂದಿಟ್ಟುಕೊಂಡು ಕುಳಿತಿದ್ದಳು. ಒಳಗೆ ದಾಬೊ ಕೋಲೊ. ಒಂದನ್ನು ನನ್ನ ಕೈಗೆ ಕೊಟ್ಟಳು. ಬಾಯಿಗೆ ಹಾಕಿಕೊಂಡೆ, ಸಪ್ಪೆ.

"ಹೊರಗೆ ಕೆಂಪಗಾಗಿದೆ, ಒಳಗೆ ಹಸಿ," ಎಂದಳು ಅತ್ಸೆದೆ. "ದೊಡ್ಡ ಉರೀಲಿ ಅವಸರವಾಗಿ ಹುರಿದಿದಾಳೆ. ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತೆ."

ಮಗಳು ಸಾಯಲು ಹೊರಟಿದ್ದಾಳೆ, ಇವಳಿಗೆ ಬೂಷ್ಟಿನ ಚಿಂತೆ. ನನಗೆ ಮೈಯೆಲ್ಲ ಉರಿಯಿತು. ಅದನ್ನು ಒಲೆಗೆ ಸುರಿ, ಅವಳನ್ನು ಒಳಗೆ ಹಾಕಿ ಚಿಲಕ ಜಡಿ, ನಿನ್ನದು ಗಟ್ಟಿಯಿಲ್ಲದಿದ್ದರೆ ನಮ್ಮನೆಯದನ್ನು ಕಿತ್ತು ಕೊಡುತ್ತೇನೆ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಕೇಳಿಸಿಕೊಂಡಳು. ಆಮೇಲೆ ಎದ್ದು ಕೈ ತೊಳೆದು ಹಿಟ್ಟಿನ ಪಾತ್ರೆ ಎಳೆದುಕೊಂಡಳು.

"ಎಷ್ಟು ದಿನ ಚಿಲಕ ಹಾಕ್ಲಿ, ಮೆದೀನಾ? ಗಿರಣಿಯವನ ಮಗಳನ್ನ ಕೂಡಿ ಹಾಕಿದ್ರು. ಕಿಟಕಿ ಮುರ್ಕೊಂಡು ಹೋದ್ಲು, ಬರಿಗೈಲಿ. ಹೋಗೋಳು ಹೋಗೇ ಹೋಗ್ತಾಳೆ. ಹಸ್ಕೊಂಡು ಯಾಕೆ ಹೋಗ್ಬೇಕು?"

ನಾನು ಹೊಸ್ತಿಲಲ್ಲಿ ಕುಳಿತೆ. ಅವಳು ಗೋಧಿ ಹಿಟ್ಟಿಗೆ ಎಣ್ಣೆ ಹಾಕಿದಳು, ನೀರು ಹಾಕಿದಳು. ಉಪ್ಪಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು, ಮುಟ್ಟಲಿಲ್ಲ. ನಾದುತ್ತಿದ್ದಾಗ ಫಿಕಿರ್ತೆ ಹಳದಿ ಕ್ಯಾನಿನಲ್ಲಿ ನೀರು ಹೊತ್ತು ಬಂದಳು. ಬಿಚ್ಚಿದ ಗಂಟು ನೋಡಿದಳು, ತಾಯಿಯ ಕೈ ನೋಡಿದಳು. ಕ್ಯಾನು ಇಳಿಸುವುದನ್ನೂ ಮರೆತು ನಿಂತಳು.

"ಬಾ, ಕೂತ್ಕೊ. ಸಣ್ಣಗೆ ಕತ್ತರಿಸು," ಎಂದಳು ತಾಯಿ. "ನೀನು ಕತ್ತರಿಸಿರೋದು ನೋಡಿದ್ರೆ ಕತ್ತೆಗೆ ತಿಂಡಿ ಮಾಡ್ದಂಗಿದೆ."

ಹುಡುಗಿ ಕುಳಿತಳು. ತಾಯಿ ಹೊಸೆದು ಕೊಟ್ಟಳು, ಮಗಳು ಕತ್ತರಿಸಿದಳು. ಸಣ್ಣ ಉರಿಯಲ್ಲಿ ಒಮ್ಮೆ ಹುರಿದು, ಆರಿಸಿ, ಮತ್ತೊಮ್ಮೆ ಹುರಿದರು. ಸಕ್ಕರೆಯ ಬುತ್ತಿಗೆಂದು ಇಟ್ಟಿದ್ದ ಬಿಳಿ ಜವೆಯೂ ಅಂದೇ ಹೆಂಚಿಗೆ ಬಿತ್ತು. ಮರುಭೂಮಿಯ ಮಾತು, ದೋಣಿಯ ಮಾತು, ದಲ್ಲಾಳಿಯ ಮಾತು ಯಾರೂ ಎತ್ತಲಿಲ್ಲ. ಫಿಕಿರ್ತೆ ಒಂದೇ ಒಂದು ಸಲ, ತಲೆಯೆತ್ತದೆ ಕೇಳಿದಳು.

"ಉಪ್ಪು ಹಾಕಿದೀಯಾ, ಎಮಾಯೆ?"

"ಇಲ್ಲ."

ಕಣ್ಣೀರು ಒರೆಸಿಕೊಳ್ಳೋಣವೆಂದರೆ ಹುಡುಗಿಯ ಕೈಯೆಲ್ಲ ಹಿಟ್ಟಾಗಿತ್ತು. ತಾಯಿಯೇ ಸೆರಗಿನ ತುದಿಯಿಂದ ಒರೆಸಿದಳು. ನನಗೆ ನೋಡಲಾಗಲಿಲ್ಲ, ಎದ್ದು ಬಂದೆ.

ಅದೇ ವಾರ ಒಂದು ಬೆಳಗ್ಗೆ ಫಿಕಿರ್ತೆ ಇರಲಿಲ್ಲ. ನಮ್ಮ ತೋಯ್ಬಾಳೂ ಇರಲಿಲ್ಲ. ಅಣ್ಣ ಬಾತಿಯ ತನಕ ಹುಡುಕಿಕೊಂಡು ಹೋಗಿ ಬರಿದೇ ಬಂದ. ನಾನು ಅತ್ಸೆದೆಯ ಬಾಗಿಲಲ್ಲಿ ನಿಂತು, ನೀನು ಕಟ್ಟಿಕೊಟ್ಟೆಯಲ್ಲೇ ಎಂದು ಕಿರುಚಾಡಿದೆ. ಸಂಜೆಗೆ ನಾನೇ ಕಾಫಿ ಮಾಡಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಇನ್ನೆಲ್ಲಿಗೆ ಹೋಗಲಿ, ಇಬ್ಬರದೂ ಒಂದೇ ಉರಿ.

ಉಪವಾಸ ಮುಗಿದು ಫಾಸಿಕಾ, ಅಂದರೆ ಈಸ್ಟರ್ ಹಬ್ಬ ಬಂತು. ಊರೆಲ್ಲ ಕೋಳಿ ಸಾರಿನ ಘಮಲು. ಅತ್ಸೆದೆ ಮಾತ್ರ ಉಪವಾಸ ಬಿಡಲಿಲ್ಲ. ಮಗಳ ದನಿ ಕೇಳುವ ತನಕ ಬೆಣ್ಣೆ ಮುಟ್ಟೆ ಎಂದಳು. ಪಾದ್ರಿಗಳೇ ಬಂದು ಹಬ್ಬದ ದಿನ ಉಪವಾಸ ಇರುವುದು ತಪ್ಪು ಎಂದು ಗದರಿದರೂ ಕೇಳಲಿಲ್ಲ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಹುರಿಗಾಳು ಅಳೆದು ಕೊಡುವುದು, ಆಮೇಲೆ ನನ್ನ ಅಂಗಡಿಗೆ ಬಂದು ನನ್ನ ಫೋನಿನ ಎದುರು ಕೂರುವುದು, ಇಷ್ಟೇ ಅವಳ ದಿನವಾಯಿತು.

ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಗ್ಗೆ ಫೋನು ಬಡಿದುಕೊಂಡಿತು. ಉದ್ದುದ್ದ ನಂಬರು, ಕಡಲಾಚೆಯದು. ಎತ್ತಿದರೆ ತೋಯ್ಬಾಳ ದನಿ. ಅತ್ತೆ, ನಾನು ಮುಟ್ಟಿದೆ, ಒಂದು ಮನೆಯಲ್ಲಿ ಕೆಲಸ ಸಿಕ್ಕಿದೆ ಎಂದಳು. ದೇವರೇ, ನನ್ನ ಜೀವ ಹಗುರಾಗಿ ಹಾರಿಹೋಗುತ್ತದೇನೋ ಅನ್ನಿಸಿತು. ಅಲ್ಲಾಹನ ಹೆಸರು ಹೇಳಿ ಅಳುತ್ತಾ ನಗುತ್ತಾ, ಫಿಕಿರ್ತೆ ಎಲ್ಲಿ, ಕೊಡು ಅವಳಿಗೆ ಎಂದೆ. ತೋಯ್ಬಾ, ಎತಿಯೆ ಅತ್ಸೆದೆ ಇದ್ದಾರಾ ಎಂದು ಕೇಳಿದಳು.

ಎದುರಿಗೇ ಕುಳಿತಿದ್ದಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮಣೆಯ ಮೇಲಿಟ್ಟೆ. ತೋಯ್ಬಾ ಬಿಕ್ಕುತ್ತಾ ಹೇಳಿದಳು. ಮರುಭೂಮಿಯ ನಡುವೆ ಫಿಕಿರ್ತೆಗೆ ಜ್ವರ ಬಂತಂತೆ, ಕಾಲು ಏಳಲಿಲ್ಲವಂತೆ. ಹಿಂದೆ ಬರುವ ಗುಂಪು ಎತ್ತಿಕೊಂಡು ಬರುತ್ತದೆ ಎಂದು ದಲ್ಲಾಳಿ ಅವಳನ್ನು ಒಂದು ಮುಳ್ಳುಮರದ ನೆರಳಲ್ಲಿ ಕೂರಿಸಿದನಂತೆ. ಹಿಂದಿನ ಗುಂಪು ಬಂದಾಗ ಆ ಮರದ ಕೆಳಗೆ ಯಾರನ್ನೂ ಕಾಣಲಿಲ್ಲವಂತೆ.

"ಅವ್ಳೇ ಗಂಟು ನಮ್ಮ ಕೈಗೆ ಕೊಟ್ಲು, ಎತಿಯೆ. ನಂಗೆ ಸೇರಲ್ಲ, ನೀವು ತಗೊಂಡು ಹೋಗಿ ಅಂದ್ಲು. ದೋಣಿ ಸಿಗೋತಂಕ ಕಡಲದಂಡೇಲಿ ಬಿದ್ದಿದ್ವಲ್ಲ, ಬೇರೆಯವರ ಬುತ್ತಿ ಎಲ್ಲ ಕೆಟ್ಟೋಗಿತ್ತು. ನಿಮ್ಮದು ಕೆಡ್ಲಿಲ್ಲ. ನಾವು ಹುಡುಗೀರೆಲ್ಲ ಅದನ್ನೇ ತಿಂದು ಬದುಕಿದ್ವಿ. ನಿಮ್ಮ ಕೈಗೆ ಮುತ್ತಿಡ್ಬೇಕು ಅಂತ ಎಲ್ರೂ ಹೇಳ್ತಿದ್ರು."

ನಾನು ಅತ್ಸೆದೆಯ ಮುಖ ನೋಡಲಿಲ್ಲ. ನನ್ನ ಹುಡುಗಿ ಬದುಕಿದ್ದಳು, ಅವಳ ಹುಡುಗಿಯ ಬುತ್ತಿ ತಿಂದು ಬದುಕಿದ್ದಳು. ಯಾವ ಮುಖ ಇಟ್ಟುಕೊಂಡು ನೋಡಲಿ? ಅವಳು ಫೋನಿನತ್ತ ಬಾಗಿದಳು.

"ಅವಳಿಗೆ ಅಂತ ಒಂದು ಹಿಡಿ ಬಿಟ್ರಾ, ಮಗಳೇ?"

ಆ ಕಡೆಯಿಂದ ಮಾತು ಬರಲಿಲ್ಲ. ಫೋನಿನ ಪರದೆಯ ಮೇಲೆ ನಿಮಿಷಗಳು ಓಡುತ್ತಲೇ ಇದ್ದವು. ಕೇಳಿಸಲಿಲ್ಲವೇನೋ ಎಂದುಕೊಂಡು ಅತ್ಸೆದೆ ಅದನ್ನೇ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದಳು.